ಹದಿನೇಳನೇ ಪ್ಲಾಟಿನ ವಾಸ

ಬೆಟಗೇರಿಯಲ್ಲಿ ನಲ್ಲಿಗೆ ನೀರು ಬರುವುದು ಹದಿನೈದು ದಿನಕ್ಕೊಮ್ಮೆ, ಅದೂ ಬಿಡುವವನ ಮನಸ್ಸು ಸರಿ ಇದ್ದರೆ. ಅಲ್ಲಿಯ ಹೆಣ್ಣುಮಕ್ಕಳು ಬಂಗಾರವನ್ನಾದರೂ ಕಟ್ಟೆಯ ಮೇಲೆ ಮರೆತು ಬಂದಾರು, ನೀರಿನ ಬ್ಯಾರಲ್ಲಿನ ಮುಚ್ಚಳ ಹಾಕುವುದನ್ನು ಮಾತ್ರ ಮರೆಯುವುದಿಲ್ಲ. ಆದರೆ ಎಂಥ ಮುಚ್ಚಳಕ್ಕೂ ಒಂದು ಸಂದು ಇದ್ದೇ ಇರುತ್ತದಲ್ಲ, ಸಮೀವುಲ್ಲಾನ ಅರಳೆ ಹೋಗಿ ಕೂಡುತ್ತಿದ್ದುದು ಆ ಸಂದಿನಲ್ಲಿಯೇ.

ಸಮೀವುಲ್ಲಾ ಗಾದಿ ಮಾಡುವವನು. ಶೇಖವ್ವನ ಮನೆಯ ಹಿಂದಿನ ಎರಡು ಖೋಲಿ ಬಾಡಿಗೆ ಹಿಡಿದು, ಹಿತ್ತಲಲ್ಲಿ ಅರಳೆ ಹಿಂಜುವ ಮಷೀನು ಇಟ್ಟುಕೊಂಡಿದ್ದ. ಹೆಂಡತಿ ಅಮೀರಾ ಗಾದಿಗೆ ದಾರ ಹಾಕುತ್ತಿದ್ದಳು, ತಾಯಿ ಅಲ್ಮಾಸಬಿ ತಲೆದಿಂಬಿನ ಚೀಲ ಹೊಲಿಯುತ್ತಿದ್ದಳು, ಮಗಳು ನೂರೀನ ಶಾಲೆಗೆ ಹೋಗುವಾಗ ದಿನಾ ತಲೆಯ ಮೇಲೆ ಒಂದಿಷ್ಟು ಅರಳೆ ಹೊತ್ತುಕೊಂಡೇ ಹೋಗುತ್ತಿದ್ದಳು. ಮಷೀನು ತಿರುಗಿತೆಂದರೆ ಬಿಳೀ ನವಿರು ಓಣಿಯ ತುಂಬಾ ಹಾರಾಡಿ, ಬೇರೆಲ್ಲೂ ಜಾಗ ಸಿಗದವರ ಹಾಗೆ ಮಂದಿಯ ನೀರಿಗೇ ಹೋಗಿ ಬೀಳುತ್ತಿತ್ತು.

ಶೇಖವ್ವ ಕೆಟ್ಟವಳಲ್ಲ. ನೂರೀನ ಹುಟ್ಟಿದಾಗ ತನ್ನ ಹಂಡೆಯಲ್ಲಿ ನೀರು ಕಾಸಿ ತಾನೇ ಹೊತ್ತು ತಂದವಳು. ಆದರೆ ಒಂದು ಮುಂಜಾನೆ ಕೈಯಲ್ಲಿ ಚಂಬು ಹಿಡಿದು ಬಂದು ಅಮೀರಾಳ ಮುಂದೆ ಇಟ್ಟಳು. ನೀರಿನ ಮೇಲೆ ಒಂದು ತುಣುಕು ಅರಳೆ ತೇಲುತ್ತಿತ್ತು.

"ಅಮೀರಾ, ನೀ ನನಗ ತಂಗಿ ಇದ್ದಂಗ. ಆದ್ರ ತಂಗಿ ಮನಿ ಗಾದಿ ದಿನಾ ಕುಡಿಯಾಕ ನನ್ನ ಕಡಿಂದ ಆಗಂಗಿಲ್ಲ."

ಒಂದು ತಿಂಗಳು ಅವಧಿ ಕೊಟ್ಟಳು. ಅಷ್ಟರೊಳಗೆ ಬೇರೆ ಮನೆ ಹುಡುಕಬೇಕು. ಬೆಟಗೇರಿಯಲ್ಲಿ ಬ್ಯಾರಲ್ಲಿಲ್ಲದ ಓಣಿ ಎಲ್ಲಿದೆ? ಅರಳೆ ಹಿಂಜುವವರು ಎಂದ ಕೂಡಲೇ ಮನೆ ಮಾಲಕರು ಬಾಗಿಲು ಅರ್ಧ ಮುಚ್ಚಿಕೊಂಡೇ ಮಾತಾಡುತ್ತಿದ್ದರು. ಉಳಿದ ದಾರಿ ಒಂದೇ. ಅಸುಂಡಿ ರಸ್ತೆಯ ಗಂಗೋತ್ರಿ ನಗರದಲ್ಲಿ ಎರಡು ವರ್ಷದ ಹಿಂದೆ ಕೊಂಡಿದ್ದ ಹದಿನೇಳನೇ ನಂಬರಿನ ಪ್ಲಾಟಿನಲ್ಲಿ ಒಂದು ಖೋಲಿಯನ್ನಾದರೂ ಎಬ್ಬಿಸಬೇಕು.

ಗಂಗೋತ್ರಿ ನಗರ ಎಂದರೆ ಹುಚ್ಚೀರಪ್ಪನ ಶೇಂಗಾದ ಹೊಲ. ಗದಗ ಜಿಲ್ಲೆಯಾದ ಮೇಲೆ ಊರು ಹೊಲಗಳ ಕಡೆ ಕಾಲು ಚಾಚಿತು. ಹುಚ್ಚೀರಪ್ಪನೂ ಶೇಂಗಾ ಬಿಟ್ಟು ಪ್ಲಾಟು ಬಿತ್ತಿದ. ದೊಡ್ಡದೊಂದು ಕಮಾನು ಕಟ್ಟಿಸಿದ. ಉದ್ಯಾನಕ್ಕೆಂದು ಬಿಟ್ಟ ಜಾಗದಲ್ಲಿ ಹುಲ್ಲಿನ ಮೇಲೆ ನಡೆಯಬಾರದೆಂದು ಫಲಕ ಹಾಕಿಸಿದ. ಹುಲ್ಲು ಇನ್ನೂ ಬಂದಿರಲಿಲ್ಲ, ಆದರೂ ಯಾರೂ ಅಲ್ಲಿ ನಡೆಯುತ್ತಿರಲಿಲ್ಲ. ಎತ್ತರದ ಮೂಲೆಯಲ್ಲಿ ನೀರಿನ ಟಾಕಿ ನಿಲ್ಲಿಸಿ ಅದರ ಮೇಲೆ ಗಂಗಾದೇವಿಯ ಚಿತ್ರ ಬರೆಸಿದ. ಒಳಗೆ ಒಂದು ಹನಿ ಇರಲಿಲ್ಲ.

ಸಮೀವುಲ್ಲಾ ಕೆಲಸ ಬಿಟ್ಟು ಕಚೇರಿ ತಿರುಗಲು ಶುರುಮಾಡಿದ. ಮನೆ ಕಟ್ಟಲು ಪರವಾನಗಿ ಕೊಡುವವರು, ನೀರಿನ ಜೋಡಣೆ ಆದ ಬಡಾವಣೆಗೆ ಮಾತ್ರ ಪರವಾನಗಿ ಎಂದರು. ನೀರಿನ ಕಚೇರಿಯವರು, ಜನ ವಾಸ ಇರುವ ಬಡಾವಣೆಗೆ ಮಾತ್ರ ನೀರಿನ ಜೋಡಣೆ ಎಂದರು. ಅವರು ಇವರ ಕಡೆ ಕಳಿಸಿದರು, ಇವರು ಅವರ ಕಡೆ. ಇಬ್ಬರೂ ಬಹಳ ಮರ್ಯಾದೆಯಿಂದ ಕಳಿಸಿದರು, ಅದೇ ತೊಂದರೆ. ಜಗಳ ತೆಗೆಯಲು ಎಲ್ಲೂ ಜಾಗ ಸಿಗಲಿಲ್ಲ. ಕಡೆಗೊಂದು ದಿನ ಮನೆಗೆ ಬಂದವನು ಅರ್ಧ ಹೊಲಿದ ಗಾದಿಯ ಮೇಲೆ ಅಡ್ಡಾಗಿ, ನಾಳೆಯಿಂದ ನೀನು ಹೋಗು ಎಂದು ಹೆಂಡತಿಗೆ ಹೇಳಿ ಮುಖದ ಮೇಲೆ ಟವೆಲು ಎಳೆದುಕೊಂಡ.

ಮರುದಿನ ಅಮೀರಾ ಹುಚ್ಚೀರಪ್ಪನನ್ನು ಮುಂದೆ ಮಾಡಿಕೊಂಡು ನೀರಿನ ಕಚೇರಿಗೆ ಹೋದಳು. ಅಲ್ಲಿ ಹೊಸದಾಗಿ ಬಂದ ಇಂಜಿನಿಯರು ಅಂಕಿತಾ ಮೇಡಂ. ಸಣ್ಣ ವಯಸ್ಸು, ಹತ್ತು ಪೈಸೆಯ ಚಹಾ ಕೂಡ ಯಾರಿಂದಲೂ ಕುಡಿಯದವಳೆಂದು ಕಚೇರಿಯ ಮಂದಿಗೇ ಅವಳ ಮೇಲೆ ಅಸಮಾಧಾನ. ನಿಯಮದ ಪುಸ್ತಕ ಅವಳ ಮೇಜಿನ ಮೇಲೆ ಮಡಿಬಟ್ಟೆ ಹಾಸಿ ಇಟ್ಟಂತೆ ಇತ್ತು. ಮನೆ ಇಲ್ಲದ ಜಾಗದಲ್ಲಿ ಜನ ಇರುವುದಾದರೂ ಹೇಗೆ ಎಂದು ಅಮೀರಾ ಕೇಳಿದಳು. ಮೇಡಂ ಪುಸ್ತಕ ತೆಗೆದಳು. ಪುಟ ತಿರುವಿದಳು, ಹಿಂದಕ್ಕೆ ಹೋದಳು, ಮತ್ತೆ ಮುಂದಕ್ಕೆ ಬಂದಳು. ಒಂದು ಸಾಲಿನ ಮೇಲೆ ಬೆರಳಿಟ್ಟಾಗ ಅವಳ ಮುಖ ಅರಳಿತು.

"ಇಲ್ಲಿ ಮನಿ ಅಂತ ಬರದಿಲ್ರಿ. ವಾಸ ಅಂತ ಐತಿ. ಒಲಿ ಹೊತ್ತಿರಬೇಕು, ಹಾಸಿಗಿ ಇರಬೇಕು, ಒಗದ ಅರಿವಿ ಒಣಗತಿರಬೇಕು. ನಾ ಎಣಿಸೋ ಹೊತ್ತಿನಾಗ ಮನಿ ಮನಿ ಒಳಗ ಎಲ್ಲಾ ಸೇರಿ ಐವತ್ತು ಮಂದಿಗೆ ಕಡಿಮಿ ಇರಬಾರದು, ಇನ್ನೂರು ದಾಟಬಾರದು. ಗೋಡಿ ಇರಬೇಕು ಅಂತ ಎಲ್ಲೂ ಇಲ್ಲ."

ಚೇಷ್ಟೆ ಮಾಡುತ್ತಿದ್ದಾಳೇನೋ ಎಂದು ಅಮೀರಾ ಅವಳ ಮುಖ ನೋಡಿದಳು. ಚೇಷ್ಟೆ ಇರಲಿಲ್ಲ. ಒಬ್ಬರಿಗಾದರೂ ಹಾದಿ ಸಿಕ್ಕಿತಲ್ಲ ಎಂಬ ಸಮಾಧಾನವಿತ್ತು. ಇನ್ನೂರು ಏಕೆ ದಾಟಬಾರದು ಎಂದು ಹುಚ್ಚೀರಪ್ಪ ಕೇಳಿದ. ಟಾಕಿ ಇರುವುದೇ ಇನ್ನೂರು ಮಂದಿಗೆ. ದಾಟಿದರೆ ಇನ್ನೂ ದೊಡ್ಡ ಟಾಕಿ ಕಟ್ಟಬೇಕು ಎಂದಳು ಮೇಡಂ. ಹುಚ್ಚೀರಪ್ಪ ಹೊಟ್ಟೆ ಕುಣಿಸಿ ನಕ್ಕ. ಐವತ್ತು ಮಂದಿಯನ್ನು ಹೊಂದಿಸುವುದೇ ದೊಡ್ಡ ಮಾತು, ಇನ್ನೂರರ ಚಿಂತೆ ಬೇಡ ಎಂದು ಬುಧವಾರ ಮಧ್ಯಾಹ್ನಕ್ಕೆ ಮೇಡಂ ಬರುವುದನ್ನು ನಿಶ್ಚಯ ಮಾಡಿಕೊಂಡು ಬಂದ.

ಪ್ಲಾಟು ಕೊಂಡವರು ಇಪ್ಪತ್ತು ಕುಟುಂಬ. ಎಲ್ಲರಿಗೂ ಖಬರ ಹೋಯಿತು. ಬುಧವಾರ ಹೊತ್ತು ಹುಟ್ಟುವುದರೊಳಗೆ ಗೌಂಡಿ ಫಕ್ರುಸಾಬ ಸುಣ್ಣದ ಪುಡಿಯ ಬುಟ್ಟಿ ಹಿಡಿದು ಬಂದ. ಬುನಾದಿ ತೋಡುವ ಮೊದಲು ಸುಣ್ಣದಲ್ಲಿ ಮನೆಯ ನಕ್ಷೆ ಎಳೆಯುವುದು ಅವನ ದಿನದ ಕೆಲಸ. ಇಲ್ಲಿ ಎಲ್ಲಿ ಮನೆ ಇದೆ ಎಂದು ಮೇಡಂಗೆ ಗೊತ್ತಾದರೆ ಸಾಕು, ಒಂದೊಂದು ಚೌಕ ಎಳೆದು ಬಿಡು ಎಂದು ಹುಚ್ಚೀರಪ್ಪ ಹೇಳಿದ್ದ. ಆದರೆ ಸುಣ್ಣದ ಗೆರೆ ನೆಲಕ್ಕೆ ಬಿದ್ದದ್ದೇ ತಡ, ಮಂದಿಯ ಬುದ್ಧಿ ಬದಲಾಯಿತು. ಹದಿನೆಂಟನೇ ಪ್ಲಾಟಿನ ಕಸ್ತೂರೆವ್ವ, ಗದುಗಿನಲ್ಲಿ ಕಿರಾಣಿ ಅಂಗಡಿಯಿದ್ದವಳು, ಅಡಿಗೆ ಮನೆ ಆಗ್ನೇಯಕ್ಕೇ ಬರಬೇಕೆಂದು ಹಟ ಹಿಡಿದು ಎಳೆದ ಗೆರೆಯನ್ನು ಸೆರಗಿನಿಂದ ಒರೆಸಿ ಮತ್ತೆ ಎಳೆಸಿದಳು. ಒಬ್ಬನಿಗೆ ಪಡಸಾಲೆ ಸಣ್ಣದಾಯಿತು. ಇನ್ನೊಬ್ಬನಿಗೆ ಮಾಳಿಗೆ ಮೆಟ್ಟಿಲು ಬೇಕಾಯಿತು. ಫಕ್ರುಸಾಬ ಏಳು ಅಡ್ಡಗೆರೆ ಎಳೆದು ಕೊಟ್ಟ. ಮೆಟ್ಟಿಲು ಕೇಳಿದವನು ಆಮೇಲೆ ಅಲ್ಲಿ ಕಾಲೆತ್ತಿ ಎತ್ತಿ ಇಟ್ಟು ನಡೆಯುವುದನ್ನು ಅಮೀರಾ ಕಣ್ಣಾರೆ ಕಂಡಳು.

ಒಲೆಗಳು ಬಂದವು, ಪಾತ್ರೆ ಬಂದವು. ಎಲ್ಲರ ಮನೆಗೂ ಹಾಸಿಗೆ ಸಮೀವುಲ್ಲಾನದೇ. ಗಾಡಿಯ ತುಂಬಾ ಗಾದಿ ತಂದು ಒಂದೊಂದು ಚೌಕದಲ್ಲಿ ಒಂದೊಂದು ಹಾಸಿದ. ಗೂಟ ನೆಟ್ಟು ಹಗ್ಗ ಕಟ್ಟಿ ಅರಿವೆ ಹರವಿದರು. ಒಗೆಯಲು ನೀರಿಲ್ಲದ್ದಕ್ಕೆ ಒಣಗಿದ್ದನ್ನೇ ತಂದು ಒಣಹಾಕಿದರು. ಬಿಸಿಲೇರುವಷ್ಟರಲ್ಲಿ ಗಂಗೋತ್ರಿ ನಗರದಲ್ಲಿ ಯಾರೂ ಗೆರೆ ದಾಟಿ ನಡೆಯುತ್ತಿರಲಿಲ್ಲ. ಬಾಗಿಲೆಂದು ಬಿಟ್ಟ ಸಂದಿನಿಂದಲೇ ಬರುವುದು, ಅಲ್ಲಿಂದಲೇ ಹೋಗುವುದು. ಹುಚ್ಚೀರಪ್ಪ, ಅಷ್ಟೂ ಹೊಲದ ಮೂಲ ಮಾಲಕ, ಒಬ್ಬೊಬ್ಬರ ಹೊಸ್ತಿಲ ಹೊರಗೆ ನಿಂತು ಕೆಮ್ಮಿ, ಒಳಗೆ ಬರಲೇನು ಎಂದು ಕೇಳುತ್ತಿದ್ದ. ಒಂದು ಆಡು ಕಸ್ತೂರೆವ್ವನ ಮನೆಯ ಗೋಡೆ ಹಾದು ದೇವರ ಕೋಣೆಗೇ ಹೋದಾಗ ನಾಲ್ಕೂ ಕಡೆಯ ಮಂದಿಗೆ ಸಿಟ್ಟು ಬಂತು.

ಹತ್ತು ಗಂಟೆಯ ಸುಮಾರಿಗೆ ಕಸ್ತೂರೆವ್ವನಿಗೂ ಅಮೀರಾಳಿಗೂ ಜಗಳವಾಯಿತು. ಅಮೀರಾಳ ಅಡಿಗೆ ಮನೆಯ ಕಿಡಕಿ ಸರಿಯಾಗಿ ಕಸ್ತೂರೆವ್ವನ ಬಚ್ಚಲಿಗೆ ಎದುರಾಗಿತ್ತು.

"ಏನ ಅಮೀರಾ, ನಾ ಜಳಕಾ ಮಾಡೂಮುಂದ ನಿಮ್ಮ ಮನ್ಯಾವ್ರು ಒಲಿ ಮುಂದ ಕುಂತು ನೋಡಬೇಕೇನ?"

"ನೀರು ಬಂದ ಮ್ಯಾಲ ಜಳಕದ ಮಾತ್ರಿ ಕಸ್ತೂರಕ್ಕಾ," ಎಂದಳು ಅಮೀರಾ. ಆದರೂ ಎದ್ದು ಹೋಗಿ ತನ್ನ ಕಿಡಕಿಯನ್ನು ಕಾಲಿನಿಂದ ಅಳಿಸಿದಳು. ಆಮೇಲೆ ಹೊಗೆ ಹೋಗಲು ದಾರಿ ಎಲ್ಲಿ ಎಂದು ಸಮೀವುಲ್ಲಾ ಕೇಳಿದ. ಅಮೀರಾ ಒಂದು ಗಳಿಗೆ ಖರೆಯೇ ಯೋಚನೆ ಮಾಡಿದಳು. ಮೇಲೆ ಆಕಾಶವಿತ್ತು.

ಇಷ್ಟರವರೆಗೆ ಎಲ್ಲ ಸರಿಯಿತ್ತು. ತಪ್ಪಾದದ್ದು ಒಲೆಯಿಂದ.

ಹೊಸ ಜಾಗದಲ್ಲಿ ಒಲೆ ಹೊತ್ತಿಸುತ್ತಾರೆ ಎಂದು ಕೇಳಿದ ಅಲ್ಮಾಸಬಿ ಸೊಸೆಗೂ ಹೇಳದೆ ಫೋನು ಹಿಡಿದಿದ್ದಳು. ನಾಲ್ಕು ಮಂದಿ ಉಣ್ಣದೆ ಹೊಸ ಒಲೆ ಹೊತ್ತಿಸಿದ್ದು ಅವಳ ವಂಶದಲ್ಲೇ ಇರಲಿಲ್ಲ. ಲಕ್ಷ್ಮೇಶ್ವರದ ತಂಗಿ ಮಾಸುಮಬಿಗೆ ಹೇಳಿದಳು. ತಂಗಿಗೆ ಹೇಳಿ ಶಿರಹಟ್ಟಿಯ ನಾದಿನಿಗೆ ಬಿಡಲು ಬರುತ್ತದೆಯೇ? ಮನೆ ಖಾಲಿ ಮಾಡಲು ಹೇಳಿದ ಶೇಖವ್ವನಿಗೂ ಹೇಳಿದಳು, ಯಾಕೆಂದರೆ ಅದು ಬೇರೆ ಇದು ಬೇರೆ. ಅತ್ತ ಕಸ್ತೂರೆವ್ವ ಮುಂಡರಗಿಯ ತವರಿನವರನ್ನು ಹುಗ್ಗಿ ಊಟಕ್ಕೆ ಕರೆದಿದ್ದಳು. ಇಪ್ಪತ್ತೂ ಮನೆಯವರು, ನಾವು ನಾಲ್ಕೇ ಮಂದಿಯನ್ನು ಕರೆದದ್ದು, ಅದರಿಂದೇನು ಆದೀತು ಎಂದುಕೊಂಡು ಸುಮ್ಮನಿದ್ದರು.

ಹನ್ನೊಂದರಿಂದ ಟಂಟಂ ರಿಕ್ಷಾಗಳು ಬರತೊಡಗಿದವು. ಒಂದೊಂದರಲ್ಲಿ ಹತ್ತು ಹನ್ನೆರಡು ಮಂದಿ, ಒಬ್ಬೊಬ್ಬರ ಕೈಯಲ್ಲಿ ಉಡುಗೊರೆಗೆಂದು ಆಯೇರಿಯ ಕೊಡ. ಮನೆ ಯಾವುದೆಂದು ತಿಳಿಯದವರಿಗೆ ಫಕ್ರುಸಾಬ ಕಮಾನಿನ ಕೆಳಗೆ ನಿಂತು ದಾರಿ ಹೇಳಿದ: ಎರಡನೇ ಸಾಲು, ಮೆಟ್ಟಿಲಿನ ಮನೆಯ ಪಕ್ಕದ್ದು. ಮಾಸುಮಬಿ ಹದಿನೇಳನೇ ಪ್ಲಾಟಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಬಂದಳು. ಪಡಸಾಲೆ ನೋಡಿದಳು, ಅಡಿಗೆ ಮನೆ ನೋಡಿದಳು, ಮಲಗುವ ಖೋಲಿಗೆ ಹೋಗಿ ಗಾದಿ ಒತ್ತಿ ನೋಡಿದಳು. ಮನೆಗೆ ಗಾಳಿ ಬೆಳಕು ಭಾಳ ಛಲೋ ಇದೆ ಎಂದಳು. ಅವಳ ದನಿಯಲ್ಲಿ ಚೂರೂ ಕುಹಕವಿರಲಿಲ್ಲ.

ಅಂಕಿತಾ ಮೇಡಂ ಹೇಳಿದ ಹೊತ್ತಿಗೆ ಬಂದಳು. ಅವಳೂ ಮೊದಲನೇ ಮನೆಯ ಬಾಗಿಲಲ್ಲಿ ನಿಂತು ಒಳಗೆ ಕರೆದ ಮೇಲೆಯೇ ಕಾಲಿಟ್ಟಳು. ಒಲೆ ನೋಡಿದಳು, ಹಾಸಿಗೆ ನೋಡಿದಳು, ಹಗ್ಗದ ಮೇಲಿನ ಅರಿವೆಯನ್ನು ದೂರದಿಂದ ನೋಡಿದಳು, ಮುಟ್ಟಲಿಲ್ಲ. ಎಣಿಸುತ್ತ ಎಣಿಸುತ್ತ ಎರಡನೇ ಸಾಲಿನ ನಡುವೆ ಬರುವಷ್ಟರಲ್ಲಿ ಅವಳ ಪೆನ್ನು ನಿಂತಿತು. ಇನ್ನೂರು ಅಲ್ಲಿಗೇ ತುಂಬಿತ್ತು. ಮುಂದೆ ಇನ್ನೂ ಅರ್ಧ ಊರಿತ್ತು, ಕಮಾನಿನ ಕೆಳಗೆ ಮತ್ತೊಂದು ಟಂಟಂ ಬಂದು ನಿಂತಿತ್ತು.

ಇವರೆಲ್ಲ ಬೀಗರು, ಉಂಡು ಹೋಗುವವರು ಎಂದು ಅಮೀರಾ ಹೇಳಿದಳು.

"ಬೀಗರು ನೀರು ಕುಡಿಯಂಗಿಲ್ಲೇನ್ರಿ?" ಮೇಡಂ ನೊಂದವಳ ಹಾಗೆ ಕೇಳಿದಳು. "ಎಣಿಸೋ ಹೊತ್ತಿನಾಗ ಮನಿಯೊಳಗ ಇದ್ದವರೆಲ್ಲಾ ಲೆಕ್ಕ. ಹಿಂಗಾದ್ರ ದೊಡ್ಡ ಟಾಕಿ ಕಟ್ಟಬೇಕಾಗತೈತಿ. ಅದಕ್ಕ ಎತ್ತರದ ಜಾಗಾನ ಬೇಕು."

ಎತ್ತರದ ಜಾಗ ಎಲ್ಲಿದೆ ಎಂದು ಯಾರೂ ಕೇಳಬೇಕಾಗಿರಲಿಲ್ಲ. ಈಗಿದ್ದ ಟಾಕಿಯ ನೆರಳು ಬೀಳುತ್ತಿದ್ದದ್ದೇ ಹದಿನೇಳನೇ ಪ್ಲಾಟಿನ ಮೇಲೆ. ಟಾಕಿ ಬೆಳೆದರೆ ಅಮೀರಾಳ ಪಡಸಾಲೆಯಲ್ಲಿ ಬಂದು ನಿಲ್ಲುವುದೇ. ಖಾಲಿ ಮಾಡುವ ದಿನ ಇನ್ನೊಂದು ವಾರಕ್ಕೆ ಬಂದಿತ್ತು. ಅಲ್ಲಿ ಮನೆ ಇಲ್ಲ, ಇಲ್ಲಿ ಪ್ಲಾಟೂ ಇಲ್ಲ ಎಂದಾದರೆ ಮಷೀನು ಹೊತ್ತುಕೊಂಡು ಯಾವ ಊರಿಗೆ ಹೋಗಬೇಕು?

ಹುಚ್ಚೀರಪ್ಪ ಒಂದು ಉಪಾಯ ತೆಗೆದ. ಬೀಗರೆಲ್ಲ ಅರ್ಧ ತಾಸು ಬಡಾವಣೆಯ ಗಡಿಕಲ್ಲು ದಾಟಿ ಪಕ್ಕದ ಹೊಲಕ್ಕೆ ಹೋಗಲಿ, ಎಣಿಕೆ ಮುಗಿದ ಮೇಲೆ ಬಂದು ಉಣ್ಣಲಿ ಎಂದ. ಅಲ್ಮಾಸಬಿ ಪಲಾವಿನ ಡಬರಿಯ ಮುಂದಿನಿಂದ ಏಳದೆಯೇ ಹೇಳಿದಳು, ತಾಟು ಹಾಕಿದ ಮೇಲೆ ಮಂದಿಯನ್ನು ಎಬ್ಬಿಸಿ ಹೊರಗೆ ಕಳಿಸುವುದು ತಾನಿರುವತನಕ ಆಗುವುದಿಲ್ಲ ಎಂದು. ಅತ್ತ ಕಸ್ತೂರೆವ್ವನೂ ಅದನ್ನೇ ಹೇಳಿದಳು. ಮುಂಡರಗಿಯವರು ಆಗಲೇ ಹುಗ್ಗಿಯ ವಾಸನೆಗೆ ಸಾಲಾಗಿ ಕೂತುಬಿಟ್ಟಿದ್ದರು.

ಅಮೀರಾ ನಿಂತಲ್ಲೇ ನಿಂತು ಡಬರಿ ನೋಡಿದಳು. ಆಮೇಲೆ ಗಂಡನನ್ನು ಕರೆದು, ಆ ಕಡೆ ಹಿಡಿಯಿರಿ ಎಂದಳು. ಮಂದಿಯನ್ನು ಎಬ್ಬಿಸುವುದು ತಪ್ಪು. ಅನ್ನ ಎದ್ದು ಹೋದರೆ ಮಂದಿ ತಾವೇ ಎದ್ದು ಅದರ ಹಿಂದೆ ಹೋಗುತ್ತಾರೆ. ಗಂಡ ಹೆಂಡತಿ ಡಬರಿ ಹೊತ್ತು ಕಲ್ಲು ದಾಟಿ ಪಕ್ಕದ ಹೊಲದ ಬೇವಿನ ಗಿಡದ ಕೆಳಗೆ ಇಳಿಸಿದರು. ಅದನ್ನು ನೋಡಿ ಕಸ್ತೂರೆವ್ವನ ಹುಗ್ಗಿ ಬಂತು, ಇನ್ನೊಬ್ಬರ ಸಾರು ಬಂತು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಎಲ್ಲ ಎದ್ದು ಬೇವಿನ ಗಿಡಕ್ಕೆ ಬಂದವು. ಬೀಗರು ಕೂತ ಮೇಲೆ ನೀಡುವವರು ಬೇಡವೇ? ಇಪ್ಪತ್ತೂ ಮನೆಯವರು ಸೌಟು ಹಿಡಿದು ಹಿಂದೆಯೇ ಓಡಿ ಬಂದರು.

ಮೇಡಂ ತಿರುಗಿ ನೋಡಿದಳು. ಗಂಗೋತ್ರಿ ನಗರದಲ್ಲಿ ಹುಚ್ಚೀರಪ್ಪ ಒಬ್ಬ ಉಳಿದಿದ್ದ, ಮತ್ತೆ ಆ ಆಡು.

"ಈಗ ಕಡಿಮಿ ಆತ್ರಿ," ಎಂದಳು. ಕೈಗಡಿಯಾರ ನೋಡಿ, ಮೂರು ಗಂಟೆಗೆ ಬೇರೆ ಕಡೆ ಹೋಗಬೇಕೆಂದಳು.

ಅಮೀರಾ ಸಮೀವುಲ್ಲಾನ ಕೈಯಿಂದ ಸೌಟು ಕಿತ್ತು ಡಬರಿಯ ಮೇಲಿಟ್ಟಳು. ಅವನ ತೋಳು ಹಿಡಿದು, ನೂರೀನಳನ್ನೂ ಎಳೆದುಕೊಂಡು ಹದಿನೇಳನೇ ಪ್ಲಾಟಿಗೆ ಬಂದು ಪಡಸಾಲೆಯಲ್ಲಿ ಕೂತುಬಿಟ್ಟಳು. ಬೀಗರಿಗೆ ನೀಡುವವರು ಯಾರು ಎಂದು ಅಲ್ಮಾಸಬಿ ಬೇವಿನ ಗಿಡದಿಂದ ಕೂಗಿದಳು. ಲಕ್ಷ್ಮೇಶ್ವರದಿಂದ ಬಂದ ತಂಗಿಗೆ ಸ್ವಂತ ಕೈಯಿಂದ ನೀಡದ ಸೊಸೆ ಎಂದರೆ ಇನ್ನು ಹತ್ತು ಮದುವೆಗಳಲ್ಲಿ ಆಡಿಕೊಳ್ಳಲು ಸಾಕಾಗುವಷ್ಟು ಮಾತು. ಅದು ಅಮೀರಾಳಿಗೂ ಗೊತ್ತಿತ್ತು. ಆದರೂ ಏಳಲಿಲ್ಲ.

"ಮಾಸುಮ ಚಿಗವ್ವಾ," ಎಂದು ಕೂತಲ್ಲಿಂದಲೇ ಕೂಗಿದಳು. "ಇವತ್ತ ನಾವು ಬೀಗರು, ನೀವು ಮನಿಯವ್ರು ಅಂತ ತಿಳಕೋರಿ. ನೀವಾ ನೀಡ್ಕೊಂಡು ಉಣ್ರಿ, ನಮಗೂ ಒಂದೊಂದು ತಾಟು ಕೊಡ್ರಿ. ನಾ ಇಲ್ಲಿಂದ ಎದ್ರ ನನಗ ಮನಿ ಇಲ್ಲ."

ಬೇವಿನ ಗಿಡದ ಕೆಳಗೆ ಸೌಟಿನ ಸಪ್ಪಳ ನಿಂತಿತು. ಎಲ್ಲರೂ ಮಾಸುಮಬಿಯ ಮುಖ ನೋಡಿದರು. ಆಕೆ ಮುಖ ಗಂಟು ಹಾಕಿಕೊಂಡಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಡಬರಿಯ ಮುಂದೆ ಬಂದು, ಅಕ್ಕನನ್ನು ಮೊಣಕೈಯಿಂದ ಸರಿಸಿ, ಮೊದಲನೇ ತಾಟು ತುಂಬಿದಳು.

ಅಲ್ಮಾಸಬಿ ಗೊಣಗುತ್ತ ಬಂದು ಸೊಸೆಯ ಪಕ್ಕ ಕೂತಳು. ಕಸ್ತೂರೆವ್ವ ಗಂಡ ಮಕ್ಕಳನ್ನು ಅಟ್ಟಿಕೊಂಡು ಬಂದು ಹದಿನೆಂಟರಲ್ಲಿ ಕೂತಳು. ಒಂದೊಂದೇ ಮನೆ ತುಂಬಿತು. ಬೀಗರು ತಾಟು ಹಿಡಿದು ಹೊರಟಾಗ ಹುಚ್ಚೀರಪ್ಪ ಗೆರೆಯಿಂದ ಗೆರೆಗೆ ಓಡಾಡಿ, ಯಾರೂ ಒಳಗೆ ಕಾಲಿಡಬೇಡಿರಿ, ಕಾಲಿಟ್ಟವರು ಲೆಕ್ಕಕ್ಕೆ ಬೀಳುತ್ತೀರಿ ಎಂದು ಕೈಮುಗಿದು ಹೇಳಿದ. ಹಾಗಾಗಿ ಅವರು ರಸ್ತೆಯ ಮೇಲೆಯೇ ನಿಂತು, ಗೆರೆಯ ಆಚೆಯಿಂದ ಬಾಗಿ ತಾಟು ಒಳಗೆ ಇಟ್ಟರು. ಕಸ್ತೂರೆವ್ವನ ಅಣ್ಣ ನೇರ ಗೋಡೆಯ ಮೇಲಿಂದಲೇ ಕೊಡಲು ಬಂದ. ಕಿಡಕಿ ಇಟ್ಟದ್ದು ಯಾಕೆ ಮತ್ತೆ ಎಂದು ಅವಳು ಬಯ್ದು, ಅವನನ್ನು ಸುತ್ತಿ ಬರಮಾಡಿ ಕಿಡಕಿಯಿಂದಲೇ ಇಸಿದುಕೊಂಡಳು.

ಮೇಡಂ ಮೊದಲಿನಿಂದ ಎಣಿಸಿದಳು. ಐವತ್ತು ದಾಟಿತು, ನೂರು ದಾಟಿತು, ಇನ್ನೂರರ ಹತ್ತಿರಕ್ಕೂ ಹೋಗಲಿಲ್ಲ. ಅಲ್ಲೇ ಹದಿನೇಳನೇ ಪ್ಲಾಟಿನ ಪಡಸಾಲೆಯಲ್ಲಿ ಕೂತು ನೀರಿನ ಜೋಡಣೆಗೆ ಸಹಿ ಹಾಕಿದಳು. ಊಟ ಮಾಡಿರಿ ಎಂದರೆ ಬೇಡವೆಂದಳು. ಅಲ್ಮಾಸಬಿ ಕೈ ಹಿಡಿದು ಕೂರಿಸಿದ ಮೇಲೆ ಎರಡು ತುತ್ತು ಉಂಡಳು. ಏಳುವಾಗ ಒಂದು ಮಾತು ಹೇಳಿದಳು. ಕೊಳವೆ ಬಂದು ಕೂಡಲು ಒಂದೂವರೆ ತಿಂಗಳು ಹಿಡಿಯುತ್ತದೆ, ಅಲ್ಲಿಯವರೆಗೆ ವಾಸ ಮುರಿಯಬಾರದು. ಎಲ್ಲರೂ ಇರಬೇಕೆಂದಿಲ್ಲ, ಒಂದು ಕುಟುಂಬ ಇದ್ದರೂ ನಡೆಯುತ್ತದೆ. ಕಚೇರಿಯಿಂದ ಯಾವ ದಿನವಾದರೂ ಬಂದು ನೋಡಿಯಾರು.

ಒಂದು ಕುಟುಂಬ ಎಂದ ಕೂಡಲೇ ಎಲ್ಲರಿಗೂ ಅಂಗಡಿ, ಶಾಲೆ, ವಯಸ್ಸಾದ ಮಾವ, ಮೊಣಕಾಲು ನೋವು ನೆನಪಾದವು. ಕಸ್ತೂರೆವ್ವ ತನ್ನ ಪಾತ್ರೆ ಎಣಿಸತೊಡಗಿದಳು.

"ನಾವಿರ್ತೀವಿ," ಎಂದಳು ಅಮೀರಾ.

ಸಮೀವುಲ್ಲಾ ಹೆಂಡತಿಯನ್ನು ನೋಡಿದ, ಆಮೇಲೆ ತಲೆ ಎತ್ತಿ ಮಾಳಿಗೆ ಇರಬೇಕಾದ ಜಾಗ ನೋಡಿದ. ಮೇಲೆ ಹೊದಿಸಲು ಹುಚ್ಚೀರಪ್ಪನ ಹತ್ತಿರ ತಾಡಪತ್ರಿ ಇದೆಯೇ ಎಂದು ಕೇಳಿದ.

ಇಳಿಹೊತ್ತಿಗೆ ಟಂಟಂಗಳೆಲ್ಲ ಹೋದವು. ಮೇಡಂ ಹೋಗಿದ್ದಳು, ಫಕ್ರುಸಾಬ ಹೋಗಿದ್ದ. ಗಾಳಿಗೆ ಒಂದೊಂದೇ ಮನೆಯ ಗೆರೆ ಮಾಸುತ್ತಿತ್ತು. ಶೇಖವ್ವ ಮಾತ್ರ ಹೋಗಿರಲಿಲ್ಲ. ಬೀಗರ ಜೊತೆ ನೀಡಿ, ಉಂಡು, ತಾಟು ಬೂದಿ ಹಚ್ಚಿ ಒರೆಸಿ, ದಿನವಿಡೀ ಎಲ್ಲ ನೋಡಿದವಳು ಈಗ ಹದಿನೇಳನೇ ಪ್ಲಾಟಿನ ಮುಂದೆ ಬಂದು ನಿಂತಳು.

"ನಡೀರಿ ಮನಿಗೆ," ಎಂದಳು. "ಅರಳಿ ಬಿದ್ರ ಬೀಳವಲ್ದ್ಯಾಕ, ನಾ ಅರಿವ್ಯಾಗ ಸೋಸಿ ಕುಡೀತೀನಿ. ಕೂಸಿನ ಕಟ್ಕೊಂಡು ಬಯಲಾಗ ಮಲಗತೀರೇನು? ಖಾಲಿ ಮಾಡಬ್ಯಾಡ್ರಿ."

ಮೂರು ವಾರದ ಹಿಂದೆ ಈ ಮಾತು ಬಂದಿದ್ದರೆ ಅಮೀರಾ ಅವಳ ಕೈ ಹಿಡಿದು ಅತ್ತೇ ಬಿಡುತ್ತಿದ್ದಳು. ಈಗ ಗಂಡನ ಕಡೆ ನೋಡಿದಳು. ಅತ್ತ ಸಮೀವುಲ್ಲಾ ತಾಡಪತ್ರಿಯ ಒಂದು ಮೂಲೆ ಗೂಟಕ್ಕೆ ಕಟ್ಟಿದರೆ ಇನ್ನೊಂದು ಬಿಚ್ಚಿಕೊಳ್ಳುತ್ತಿತ್ತು.

"ನಾ ಮನ್ಯಾಗ ಅದೀನ್ಯಕ್ಕಾ," ಎಂದಳು ಅಮೀರಾ. "ಈಗ ಎದ್ದು ಬಂದ್ರ ನೀರು ಕೈ ತಪ್ಪತೈತಿ."

ಹಾಗಾದರೆ ಅತ್ತೆಯನ್ನೂ ಕೂಸನ್ನೂ ಆದರೂ ಕಳಿಸು, ನೀವಿಬ್ಬರು ಗಂಡ ಹೆಂಡತಿ ಇರಿ ಎಂದಳು ಶೇಖವ್ವ. ಮಾತು ಸರಿಯಾಗಿತ್ತು. ಆದರೆ ಮೇಡಂ ಕುಟುಂಬ ಎಂದಿದ್ದಳು; ಕುಟುಂಬ ಎಂದರೆ ಎಷ್ಟು ಮಂದಿ ಎಂದು ಯಾರೂ ಕೇಳಿರಲಿಲ್ಲ. ಒಬ್ಬರು ಕಡಿಮೆಯಾದರೆ ವಾಸ ಮುರಿಯಿತು ಎಂದರೆ? ಅಮೀರಾ ಅತ್ತೆಯ ಮುಖ ನೋಡಿದಳು. ಅಲ್ಮಾಸಬಿ ಆಗಲೇ ಗಾದಿಯ ಮೇಲೆ ಕಾಲು ಚಾಚಿ ನೂರೀನಳ ತಲೆ ತೊಡೆಯ ಮೇಲಿಟ್ಟುಕೊಂಡಿದ್ದಳು, ಏಳುವವಳ ಹಾಗೆ ಕಾಣಲಿಲ್ಲ.

ಶೇಖವ್ವ ರಸ್ತೆಯ ಕಡೆ ನೋಡಿದಳು, ಬೆಟಗೇರಿ ಕಡೆಗೆ ಹೋಗುವ ಬಸ್ಸಿಗೆ ಇನ್ನೂ ಹೊತ್ತಿತ್ತು. ಚಪ್ಪಲಿ ಬಿಟ್ಟು ಒಳಗೆ ಬಂದು ಕೂತಳು.

"ಹಂಗಾರ ಚಾ ಮಾಡು," ಎಂದಳು.

ಅಮೀರಾ ಒಲೆಯ ಕಡೆ ತಿರುಗಿದಳು. ಕೊಡ ಬಾಗಿಸಿ ನೋಡಿದಳು. ಶೇಖವ್ವನಿಗೂ ತನಗೂ ಆಗುವಷ್ಟು ನೀರಿತ್ತು.